ಬಾಯಿ ನೋಡುವ ಸೋನಾಮೌಶಿ

ಸೋನಾಮೌಶಿ ಮಾತಾಡುವವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದಳು. ಎದುರಿಗಿದ್ದವರು ನೆಂಟರಿರಲಿ, ಪೋಸ್ಟಿನವನಿರಲಿ, ಓಟು ಕೇಳಲು ಬಂದ ಪುಢಾರಿಯಿರಲಿ, ಅವಳ ನೋಟ ಒಮ್ಮೆ ತುಟಿಯ ಮೇಲೆ ನೆಟ್ಟಿತೆಂದರೆ ಮಾತು ಮುಗಿಯುವ ತನಕ ಕದಲುತ್ತಿರಲಿಲ್ಲ. ಹೊಸಬರಿಗೆ ಇದರಿಂದ ಭಾರಿ ಮುಜುಗರ. ಬಾಯಂಚಿಗೆ ಏನೋ ಹತ್ತಿರಬೇಕೆಂದು ಒರೆಸಿಕೊಳ್ಳುತ್ತಿದ್ದರು. ಬಾಡಿಗೆ ಕೋಣೆ ಹುಡುಕಿಕೊಂಡು ಹೋದ ದಿನ ನಾನೂ ದುಪಟ್ಟಾದ ತುದಿಯಿಂದ ಬಾಯಿ ಒರೆಸಿಕೊಂಡೆ.

"ಏನೂ ಹತ್ತಿಲ್ಲವ್ವಾ, ಮಾತಾಡು," ಎಂದಳು.

ಎಂದಳು ಅನ್ನುವುದು ನನ್ನ ಸೌಜನ್ಯ. ಕೂಗಿದಳು. ಮೌಶಿಗೆ ಪಿಸುಮಾತು ಬರುತ್ತಿರಲಿಲ್ಲ. ಶಹಾಬಾದಿನ ಆ ಓಣಿಯಲ್ಲಿ ಮೌಶಿಯ ಮನೆಯಲ್ಲಿ ಇಂದು ಏನು ಪಲ್ಯ, ಯಾರು ಬಂದಿದ್ದಾರೆ, ಯಾರ ಮೇಲೆ ಸಿಟ್ಟು ಎಂಬುದೆಲ್ಲ ಆ ತುದಿಯ ಹಿಟ್ಟಿನ ಗಿರಣಿಯವರಿಗೂ ಗೊತ್ತಾಗುತ್ತಿತ್ತು. "ಯಾರ ಮುಂದೂ ಹೇಳಬ್ಯಾಡ ಮತ್ತ" ಎಂದು ಅವಳು ಶುರು ಮಾಡಿದರೆ ಎದುರು ಮನೆಯವರು ಟಿವಿಯ ಸದ್ದು ತಗ್ಗಿಸುತ್ತಿದ್ದರು. ಇಂಥವಳ ಮನೆಯಲ್ಲಿ ನನ್ನಂಥವಳು ಬಾಡಿಗೆಗೆ ಇರಬಾರದಿತ್ತು. ಆದರೆ ನಾನು ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿಕೊಂಡ ಆಸ್ಪತ್ರೆ ಅಲ್ಲಿಂದ ಹತ್ತಿರ, ಮೇಲಾಗಿ ಮೌಶಿ ನನಗೆ ಮದುವೆ ಆಗಿದೆಯೋ ಇಲ್ಲವೋ ಎಂದು ಕೇಳಲಿಲ್ಲ. ಅದರ ಬದಲು, "ರೊಟ್ಟಿ ಬಡೀಲಿಕ್ಕಿ ಬರ್ತದೇನು?" ಎಂದು ಕೇಳಿದಳು. ಬರುವುದಿಲ್ಲ ಎಂದೆ. "ಹಂಗಾದ್ರ ಬಡಿಯೂದು ನಂದು, ತಿನ್ನೂದು ನಿಂದು. ಸಾಮಾನ ತಗೊಂಡ ಬಾ," ಎಂದಳು. ಅವತ್ತಿನಿಂದ ಅವಳು ನನಗೆ ಮೌಶಿಯಾದಳು, ಅಂದರೆ ಅವ್ವನ ತಂಗಿ. ನನ್ನ ಅವ್ವನಿಗೆ ಈ ವಿಷಯ ತಿಳಿದಿರಲಿಲ್ಲ.

ಮೌಶಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ ಸೋಲಾಪುರಕ್ಕೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಮಕ್ಕಳಿರಲಿಲ್ಲ. ಬೆಳಿಗ್ಗೆ ಬುದ್ಧನ ಫೋಟೊಕ್ಕೆ ಕೈಮುಗಿದು, ಬುತ್ತಿ ಕಟ್ಟಿಕೊಂಡು ಹೋದರೆ ಸಂಜೆಗೆ ಹುಬ್ಬು, ರೆಪ್ಪೆ, ಸೀರೆಯ ನಿರಿಗೆ ಎಲ್ಲ ಬೂದಿ ಬಣ್ಣವಾಗಿ ಮರಳುತ್ತಿದ್ದಳು. ಕಲ್ಲಿನ ಕೆಸರಿನಲ್ಲಿ ನೆನೆದು ನೆನೆದು ಅವಳ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಮನೆಯ ನೆಲಕ್ಕೆ ಕಾರ್ಖಾನೆಯಲ್ಲಿ ಒಡೆದು ಬಿಸಾಕಿದ ತುಂಡುಗಳನ್ನೇ ಹೊಂದಿಸಿ ಹಾಸಿಕೊಂಡಿದ್ದಳು. ಬೂದು, ಹಳದಿ, ನಸುಗೆಂಪು. ಒಂದೂ ಒಂದಕ್ಕೆ ಸರಿಯಾಗಿ ಕೂಡಿರಲಿಲ್ಲ, ನಾನು ಮೊದಲ ತಿಂಗಳೆಲ್ಲ ಅಲ್ಲಿ ಎಡವುತ್ತಿದ್ದೆ. "ಕಾಲ ಎತ್ತಿ ಇಡು, ಏನ ರಾಣೀಸಾಹೇಬಳಂಗ ಎಳಕೋತ ನಡೀತಿ," ಎಂದು ಮೌಶಿ ಓಣಿಗೆಲ್ಲ ಕೇಳುವ ಹಾಗೆ ಬಯ್ಯುತ್ತಿದ್ದಳು.

ಈಗ ನನ್ನ ವಿಷಯ ಹೇಳಬೇಕು. ಹೇಳದೆ ಮೌಶಿಯ ವಿಷಯ ಮುಂದೆ ಸಾಗುವುದಿಲ್ಲ.

ಕಾಲೇಜಿನಲ್ಲಿ ನನಗೆ ಮಹೇಶ ಎಂಬ ಹುಡುಗನ ಮೇಲೆ ಪ್ರೀತಿಯಿತ್ತು. ಅವನು ದೂರದ ಊರಿಗೆ ಹೋದ, ಹೊಸ ಜನರ ನಡುವೆ ನನ್ನನ್ನು ಮರೆತ, ನಾನು ಒಂದು ವರ್ಷ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಕಲಬುರಗಿಯಲ್ಲಿ ಟ್ರೇನಿಂಗಿಗೆ ಹೋದಾಗ ರೇಷ್ಮಾ ಸಿಕ್ಕಳು. ನರ್ಸ್, ಈಗ ಚಿತ್ತಾಪುರದ ಆಸ್ಪತ್ರೆಯಲ್ಲಿದ್ದಾಳೆ. ಅವಳು ನಕ್ಕಾಗ ನನಗೆ ಆದದ್ದು ಮಹೇಶ ನಕ್ಕಾಗ ಆಗಿದ್ದೇ. ನನಗೇ ನಾನು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. ಇದಕ್ಕೆ ಬೈಸೆಕ್ಷುವಲ್ ಅನ್ನುತ್ತಾರೆಂದು ಫೋನಿನಲ್ಲಿ ಓದಿ ತಿಳಿದುಕೊಂಡೆ. ಕನ್ನಡ ಪತ್ರಿಕೆಗಳಲ್ಲಿ ದ್ವಿಲಿಂಗಿ ಎಂದು ಬರೆದಿದ್ದರು. ಅದನ್ನು ಓದಿದರೆ ನಾನು ಜೀವಶಾಸ್ತ್ರದ ಪುಸ್ತಕದಲ್ಲಿರುವ ದಾಸವಾಳದ ಹೂವೇನೋ ಅನ್ನಿಸುತ್ತಿತ್ತು.

ಸೇಡಂನಲ್ಲಿದ್ದ ನನ್ನ ಅಕ್ಕನಿಗೆ ಒಮ್ಮೆ ಹೇಳಿದೆ. ಅವಳು ಹೆದರಲಿಲ್ಲ, ಬಯ್ಯಲಿಲ್ಲ, ಸಮಾಧಾನದ ನಿಟ್ಟುಸಿರು ಬಿಟ್ಟಳು. "ಗಂಡಸೂ ಸೇರ್ತಾರಂತೀಯಲ್ಲ, ಮತ್ತ ತ್ರಾಸೇನದ? ಅದನ್ನ ಇಟ್ಕೋ, ಇದನ್ನ ಬಿಡು. ಮುಗೀತು." ಸಂತೆಯಲ್ಲಿ ಎರಡು ಸೀರೆ ಕೈಯಲ್ಲಿ ಹಿಡಿದವಳಿಗೆ ಹೇಳಿದ ಹಾಗೆ ಹೇಳಿದಳು. ಫೋನಿನಲ್ಲಿ ನಮ್ಮ ಜಿಲ್ಲೆಯವರದೇ ಒಂದು ಗ್ರೂಪ್ ಇತ್ತು, ನಮ್ಮಂಥವರದು. ಅಲ್ಲಿ ಹೇಳಿಕೊಂಡೆ. ಅಲ್ಲೂ ಒಬ್ಬರು, "ನೀ ಕಡೀಕೆ ಒಬ್ಬ ಗಂಡಸಿನ ಮದಿವಿ ಆಗಿ ಆರಾಮ ಇರ್ತಿ, ನಮ್ಮ ಗೋಳು ನಿನಗೇನ ಗೊತ್ತು" ಎಂದು ಬರೆದರು. ಮನೆಯವರಿಗೆ ನಾನು ಅರ್ಧ ಸರಿ, ಇವರಿಗೆ ಅರ್ಧ ಸುಳ್ಳು. ಪೂರ್ತಿಯಾಗಿ ನಾನು ಯಾರ ಲೆಕ್ಕದಲ್ಲೂ ಇರಲಿಲ್ಲ.

ಹೀಗಿರುವಾಗ ಅವ್ವನ ಫೋನು ಬಂತು. ಸರ್ಕಾರಿ ನೌಕರಿಯ ಹುಡುಗ, ಒಳ್ಳೆಯ ಮನೆತನ, ಭಾನುವಾರ ನೋಡಲು ಬರುತ್ತಾರೆ. ಅಪ್ಪ ಸತ್ತ ಮೇಲೆ ಅಂಗನವಾಡಿಯಲ್ಲಿ ದುಡಿದು ನಮ್ಮಿಬ್ಬರನ್ನು ಓದಿಸಿದ ಅವ್ವ ಅವಳು. ಫೋನಿನಲ್ಲಿ ಅವಳ ದನಿಯ ಖುಷಿ ಕೇಳಿ "ಹೂಂ" ಅಂದುಬಿಟ್ಟೆ. ಆದರೆ ಅವ್ವನಿಗೆ ನಿಜ ಹೇಳಲೇಬೇಕು, ಅದಕ್ಕೂ ಮೊದಲು ಯಾರ ಮುಂದಾದರೂ ಒಮ್ಮೆ ಬಾಯಿಬಿಟ್ಟು ಹೇಳಿ ನಾಲಿಗೆಗೆ ರೂಢಿ ಮಾಡಿಸಬೇಕು. ಮೌಶಿಯ ಹೊರತು ನನಗೆ ಯಾರಿದ್ದರು? ಆದರೆ ಮನೆಯಲ್ಲಿ ಹೇಳಿದರೆ ಮೌಶಿ "ಏನಂದೀ? ಹುಡುಗೀ?" ಎಂದು ಒಂದು ಸಲ ಕೂಗಿದರೆ ಸಾಕು, ಹಿಟ್ಟಿನ ಗಿರಣಿಯ ತನಕ ಸುದ್ದಿ.

ನನಗೊಂದು ಉಪಾಯ ಹೊಳೆಯಿತು. ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಮಶೀನು, ಪಾಲಿಶ್ ಮಶೀನು ಎರಡೂ ಒಟ್ಟಿಗೆ ತಿರುಗುವಾಗ ಅಲ್ಲಿ ಪಟಾಕಿ ಹಾರಿಸಿದರೂ ಕೇಳಿಸುವುದಿಲ್ಲ. ಅಲ್ಲಿಗೇ ಹೋಗಿ ಮೌಶಿಯ ಎದುರು ನಿಂತು ಹೇಳಬೇಕು. ಅವಳು ಎಷ್ಟೇ ಕೂಗಲಿ, ಸಪ್ಪಳ ನುಂಗಿಹಾಕುತ್ತದೆ. ನನ್ನ ಜಾಣತನಕ್ಕೆ ನಾನೇ ಶಹಭಾಸ್ ಹೇಳಿಕೊಂಡು ಮಧ್ಯಾಹ್ನ ರಜೆ ಹಾಕಿ ಹೋದೆ.

ಕಲ್ಲಿನ ಮೇಲೆ ನೀರು ಸುರಿಯುತ್ತಿತ್ತು, ಮಶೀನು ಅರಚುತ್ತಿತ್ತು. ಅಂಗಳದ ಉದ್ದಕ್ಕೂ ನಾಲ್ಕಾರು ಹೆಂಗಸರು ತಮ್ಮ ತಮ್ಮ ಕೆಲಸದಲ್ಲಿದ್ದರು. ನಾನು ಮೌಶಿಯ ಕಿವಿಗೆ ಬಾಯಿ ತಂದೆ. ಅವಳು ನನ್ನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ಬಾಯಿ ನೋಡತೊಡಗಿದಳು. ಹೇಳಿದೆ. ಒಂದೇ ಉಸಿರಿಗೆ ಹೇಳಿದೆ.

"ಮೌಶಿ, ನನಗ ಗಂಡಸೂ ಸೇರ್ತಾರ, ಹೆಂಗಸೂ ಸೇರ್ತಾರ. ಈಗ ಸೇರಿದಾಕಿ ಒಬ್ಬಾಕಿ ಹುಡುಗಿ. ಹುಚ್ಚಲ್ಲ, ಹುಡುಗಾಟಲ್ಲ. ಐತವಾರ ನನ್ನ ನೋಡ್ಲಿಕ್ಕಿ ಬರ್ಲಿಕತ್ತಾರ. ಅವ್ವಗ ಹ್ಯಾಂಗ ಹೇಳ್ಲಿ?"

ಮೌಶಿ ಕಲ್ಲಿನ ಮೇಲಿನ ಕೆಸರನ್ನು ಅಂಗೈಯಿಂದ ಬಳಿದು ಹಾಕಿದಳು. ಅಷ್ಟರಲ್ಲಿ ಅಂಗಳದ ಆ ಕೊನೆಯಲ್ಲಿ ಕಲ್ಲು ತೊಳೆಯುತ್ತಿದ್ದ ಶಾಹಿದಾ ಚಾಚಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನ ಕೈಗೆ ಚಹಾದ ಗ್ಲಾಸು ಕೊಟ್ಟು ನನ್ನ ಕಿವಿಯ ಹತ್ತಿರ ಕೂಗಿದಳು:

"ಆ ಹುಡುಗೀದು ಹೆಸರೇನ ಬೇಟಾ?"

ಗ್ಲಾಸನ್ನು ಕಲ್ಲಿನ ಮೇಲಿಟ್ಟೆ. "ಯಾವ ಹುಡುಗಿ ಚಾಚಿ?"

"ಈಗ ಹೇಳ್ದಿಯಲ್ಲ, ನಿನಗ ಸೇರಿದಾಕಿ."

ತಿರುಗಿ ನೋಡಿದೆ. ಅಂಗಳದಲ್ಲಿದ್ದ ಹೆಂಗಸರೆಲ್ಲ ನನ್ನ ಕಡೆಗೇ ನೋಡುತ್ತಿದ್ದರು. ಒಬ್ಬಳು ತಲೆಯ ಮೇಲಿನ ಸಿಂಬಿ ಸರಿಮಾಡಿಕೊಳ್ಳುತ್ತ ನಸುನಕ್ಕಳು. ಇನ್ನೊಬ್ಬಳು ಕುಡಿ ಕುಡಿ, ಚಹಾ ಆರುತ್ತದೆ ಎಂದು ಕೈಸನ್ನೆ ಮಾಡಿದಳು. ಆಗ ಮೌಶಿ ಹೊಟ್ಟೆ ಹಿಡಿದುಕೊಂಡು ನಕ್ಕಳು ನೋಡಿ, ಮಶೀನಿನ ಸಪ್ಪಳವನ್ನೂ ಮೀರಿ ಕೇಳಿಸಿತು.

"ಎಲ್ಲಿ ಬಂದು ಹೇಳೀಯವ್ವಾ ಗುಟ್ಟು! ಇಲ್ಲಿ ಯಾರ ಕಿವೀನೂ ನೆಟ್ಟಗಿಲ್ಲ. ಎಲ್ಲಾರೂ ಬಾಯೇ ಓದ್ತೀವಿ. ಮನ್ಯಾಗ ಹೇಳಿದ್ರ ನಾ ಒಬ್ಬಾಕಿ ಕೇಳ್ತಿದ್ದೆ!"

ವರ್ಷಗಟ್ಟಲೆ ಆ ಸಪ್ಪಳದಲ್ಲಿ ದುಡಿದ ಹೆಂಗಸರು ಅವರು. ಕಿವಿಯ ಕೆಲಸ ಕಣ್ಣಿಗೆ ಬಂದಿತ್ತು. ಅಂಗಳದ ಆ ತುದಿಯಲ್ಲಿ ನಿಂತವಳು ಈ ತುದಿಯವಳ ತುಟಿ ನೋಡಿ ಸೊಸೆಯ ಜಗಳ, ಮಗನ ಜ್ವರ ಎಲ್ಲ ತಿಳಿದುಕೊಳ್ಳುತ್ತಿದ್ದಳು. ದಿನಾ ಜನರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ನನಗೆ, ಒಂದೇ ಮನೆಯಲ್ಲಿದ್ದ ಮೌಶಿಯ ಕಿವಿ ಮಂದವೆಂಬುದು ಅಲ್ಲಿಯ ತನಕ ಹೊಳೆದಿರಲಿಲ್ಲ. ಬ್ಯಾಂಕಿನ ದಪ್ಪ ಮೀಸೆಯ ಗುಮಾಸ್ತನಿಗೆ ಒಮ್ಮೆ, "ಮೀಸಿ ಕಡಿಮಿ ಮಾಡ್ಕೊಂಡ ಬಂದು ಮಾತಾಡ್ರಿ" ಎಂದು ಅವಳು ಹೇಳಿದ್ದು ಯಾಕೆಂದು ಅವತ್ತು ಅರ್ಥವಾಯಿತು. ಕೊರೊನಾದಲ್ಲಿ ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡಾಗ ಅವಳಿಗೆ ಊರಿಗೆ ಊರೇ ಮೂಕವಾಗಿತ್ತಂತೆ.

ನಾನು ಅಳುವುದಕ್ಕೆ ಶುರು ಮಾಡಿದೆ. ಶಾಹಿದಾ ಚಾಚಿ ನನ್ನ ಬೆನ್ನ ಮೇಲೆ ಒದ್ದೆ ಕೈ ಇಟ್ಟಳು. "ಫಿಕರ್ ಮಾಡಬ್ಯಾಡ. ಮಶೀನ್ ಮುಂದಿನ ಮಾತು ಗೇಟ್ ದಾಟೂದಿಲ್ಲ. ನಮ್ದು ಹಂಗ ಕಾಯ್ದೆ ಅದ."

ನಾನು ನಂಬಲಿಲ್ಲ. ಮುಂದಿನ ಎಷ್ಟೋ ದಿನ ಕಿರಾಣಿ ಅಂಗಡಿಯಲ್ಲಿ, ನಲ್ಲಿಯ ಮುಂದೆ, ಆಸ್ಪತ್ರೆಯ ವರಾಂಡದಲ್ಲಿ ಜನರ ಮುಖ ನೋಡುತ್ತ ನಡೆದೆ. ಯಾರಿಗೂ ಏನೂ ಗೊತ್ತಿರಲಿಲ್ಲ. ಆ ಅಂಗಳದಲ್ಲಿ ಹೊಡೆತ ತಿಂದವರು, ಬಸುರು ಕಳೆದುಕೊಂಡವರು, ಮಗಳು ಓಡಿಹೋದವರು ಎಲ್ಲರೂ ತಮ್ಮ ಮಾತನ್ನು ಮಶೀನಿನ ಮುಂದೆ ಆಡಿ ಹಗುರಾಗಿದ್ದರು, ಒಂದೂ ಹೊರಗೆ ಬಂದಿರಲಿಲ್ಲ. ತನ್ನ ಮನೆಯ ಪಲ್ಯದ ಉಪ್ಪು ಹೆಚ್ಚಾದದ್ದನ್ನೂ ಓಣಿಗೆ ಸಾರುವ ಹೆಂಗಸಿನ ಹೊಟ್ಟೆಯಲ್ಲಿ ಇಷ್ಟು ಜನರ ಬದುಕು ಸದ್ದಿಲ್ಲದೆ ಕೂತಿತ್ತು. ನಾನು ಬೆರಗಾದೆ. ಇಂದಿಗೂ ಆ ಬೆರಗು ಇಳಿದಿಲ್ಲ.

ಕಾರ್ಖಾನೆಗೆ ಹೋಗಿಬಂದ ಆ ಸಂಜೆ ಮಹೇಶನದು, ರೇಷ್ಮಾಳದು ಎಲ್ಲ ಹೇಳಿಕೊಂಡೆ. ಬಾಗಿಲು ಮುಂದೆ ಮಾಡಿ, ರೊಟ್ಟಿ ಬಡಿಯುವ ಸದ್ದಿನ ನಡುವೆ ಮೌಶಿ ಕೇಳಿದಳು, "ಆ ಮಹೇಶ ಅನ್ನಾಂವನ ಮ್ಯಾಲ ಜೀವ ಇತ್ತಲ್ಲ, ಅದು ಖರೇ ಇತ್ತೇನು?"

"ಖರೇ ಇತ್ತು ಮೌಶಿ."

"ಈ ರೇಷ್ಮಾಂದೂ ಖರೆ?"

"ಖರೆ."

"ಆತಲ್ಲ ಮತ್ತ," ಎಂದು ರೊಟ್ಟಿ ತಿರುವಿ ಹಾಕಿದಳು.

ಅಲ್ಲಿಯ ತನಕ ನನ್ನನ್ನು ಹೀಗೆ ಕೇಳಿದವರಿರಲಿಲ್ಲ. ಎಲ್ಲರೂ ಎರಡರಲ್ಲಿ ಒಂದನ್ನು ಸುಳ್ಳೆಂದು ಒಪ್ಪಿಕೋ ಎಂದೇ ಕೇಳಿದ್ದರು. ಎರಡೂ ನಿಜ ಎಂದು ನಾನು ಹೇಳಿದ್ದನ್ನು ಒಬ್ಬರು ಸುಮ್ಮನೆ ನಂಬಿದರು, ನಂಬಿ ರೊಟ್ಟಿ ಬಡಿಯುವುದನ್ನು ಮುಂದುವರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಮೌಶಿ ತಾನಾಗಿ ನಗುತ್ತ, "ನಿನಗ ಇಬ್ಬರೂ ಸೇರ್ತಾರಂತಿ. ನನ್ನ ಹಣೇಬರಾ ನೋಡು, ಒಬ್ಬನ್ನ ಸೇರಿಸ್ಕೊಳ್ಳೂದರಾಗ ನನಗ ಸಾಕಾಗಿ ಹೋತು," ಎಂದಳು. ಅದು ಮಾತ್ರ ಓಣಿಗೆಲ್ಲ ಕೇಳಿಸಿರಬೇಕು, ಆದರೆ ಯಾರಿಗೂ ತಲೆಬುಡ ತಿಳಿದಿರಲಾರದು.

ಶನಿವಾರ ಇಬ್ಬರೂ ಸೇಡಂಗೆ, ಅವ್ವನ ಮನೆಗೆ ಹೋದೆವು. ಮೌಶಿ ತಾನಾಗಿ ಹೊರಟಳು. "ನಾ ಬಾಯಿ ತೆರಿಯೂದಿಲ್ಲ. ನಿನ್ನ ಬಾಜೂಕ ಕುಂದರ್ತೀನಿ, ಅಷ್ಟ," ಎಂದಳು. ಅಕ್ಕನೂ ಬಂದಿದ್ದಳು. ನಾನು ಅವ್ವನಿಗೆ ನಾನೇ ಹೇಳಿದೆ. ಮಶೀನಿನ ಮುಂದೆ ಆಡಿದ ಮಾತೇ, ಆದರೆ ಈ ಸಲ ನಿಧಾನವಾಗಿ, ರೇಷ್ಮಾಳ ಹೆಸರು ಹಿಡಿದು. ಅವ್ವ ಮೊದಲು ನಕ್ಕಳು. ಆಮೇಲೆ ಅಕ್ಕನ ಮುಖ ನೋಡಿ ಇದು ತಮಾಷೆಯಲ್ಲವೆಂದು ತಿಳಿದು ಸೆರಗು ಬಾಯಿಗೆ ಒತ್ತಿಕೊಂಡಳು.

"ಹುಡುಗರೂ ಸೇರ್ತಾರಂತ ನೀನ ಹೇಳ್ಲಿಕತ್ತಿ. ಮತ್ತ ಈ ಹುಡುಗನ ಮಾಡ್ಕೊಳ್ಳಿಕ್ಕಿ ಏನ ಧಾಡಿ ನಿನಗ?"

"ಯವ್ವಾ, ನನಗ ರೇಷ್ಮಾ ಬೇಕು."

"ಆ ಹೆಸರು ಈ ಮನ್ಯಾಗ ತಗೀಬ್ಯಾಡ!"

ಬಾಯಿ ತೆರೆಯುವುದಿಲ್ಲ ಎಂದಿದ್ದ ಮೌಶಿ ತೆರೆದಳು. "ಅಕ್ಕಾರ, ಆಕಿ ನಿಮ್ಮನ್ನ ಏನೂ ಬೇಡ್ಲಿಕ್ಕಿ ಬಂದಿಲ್ರಿ, ಹೇಳ್ಲಿಕ್ಕಿ ಬಂದಾಳ. ಇವತ್ತ ಕೇಳಿಬಿಡ್ರಿ. ಒಪ್ಪೂದು ಬಿಡೂದು ಆಮ್ಯಾಲ ನೋಡ್ರಿ."

"ನೀವ್ಯಾರ್ರೀ ನಮ್ಮ ಮನಿ ಮಾತಿನಾಗ?" ಎಂದಳು ಅವ್ವ. ನನ್ನ ಕಡೆ ತಿರುಗಿ, ಹುಡುಗನ ಮನೆಯವರಿಗೆ ತಾನು ಏನೋ ಒಂದು ಹೇಳಿ ತಪ್ಪಿಸುತ್ತೇನೆಂದೂ, ಬುದ್ಧಿ ಬರುವ ತನಕ ಈ ಹೊಸ್ತಿಲು ತುಳಿಯಬೇಡವೆಂದೂ ಹೇಳಿದಳು. ಅವ್ವ ಕಲ್ಲು ಮನಸ್ಸಿನವಳಲ್ಲ. ಹೇಳುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಿಯೂ ನಾನು ಎದ್ದು ಬರಬೇಕಾಯಿತು.

ಮರಳುವಾಗ ಪ್ಯಾಸೆಂಜರ್ ಗಾಡಿಯಲ್ಲಿ ನಾನು ಚಿತ್ತಾಪುರ ದಾಟುವ ತನಕ ಅತ್ತೆ. ಮೌಶಿ ನನ್ನನ್ನು ಸಮಾಧಾನ ಮಾಡಲಿಲ್ಲ. ಶೇಂಗಾ ಸುಲಿದು ಸುಲಿದು ನನ್ನ ಅಂಗೈಯಲ್ಲಿ ಹಾಕುತ್ತ ಕೂತಿದ್ದಳು. ಎದುರಿನ ಹೆಂಗಸು ಹುಡುಗಿ ಯಾಕೆ ಅಳುತ್ತಿದ್ದಾಳೆಂದು ವಿಚಾರಿಸಿದಾಗ ಮೌಶಿ ಡಬ್ಬಿಗೆಲ್ಲ ಕೇಳುವಂತೆ, "ಟಿಕೆಟ್ ತಗೊಂಡಾಳವ್ವಾ, ಎಲ್ಲಿ ಬೇಕಾದಲ್ಲಿ ಅಳ್ತಾಳ. ನೀ ಶೇಂಗಾ ತಿಂತೀಯೇನು?" ಎಂದಳು. ಆ ಹೆಂಗಸು ಶೇಂಗಾ ತೆಗೆದುಕೊಂಡಳು.

ಎಳ್ಳ ಅಮಾವಾಸ್ಯೆ ಹತ್ತಿರ ಬಂತು. ನಮ್ಮ ಕಡೆ ಅದಕ್ಕೆ ಎಳ್ಳಮಾಸಿ ಎನ್ನುತ್ತಾರೆ. ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಬೆಳೆದು ನಿಂತ ಜೋಳಕ್ಕೆ, ಕಡಲೆಗೆ ಚರಗ ಚೆಲ್ಲಿ, ಅಂದರೆ ಮಾಡಿದ ಅಡುಗೆಯನ್ನೆಲ್ಲ ಮೊದಲು ಹೊಲಕ್ಕೆ ಉಣಿಸಿ, ಆಮೇಲೆ ಮನುಷ್ಯರು ಉಣ್ಣಬೇಕು. ಹೊಲ ಇದ್ದವರು ಇಲ್ಲದವರನ್ನು ಕರೆಯುತ್ತಾರೆ. ದಾರಿಯಲ್ಲಿ ಹೋಗುವವರನ್ನೂ ಬಿಡುವುದಿಲ್ಲ, ಕೂಗಿ ಕರೆದು ಕೂರಿಸುತ್ತಾರೆ. ಹುಟ್ಟಿದಾಗಿನಿಂದ ಸೋದರಮಾವನ ಹೊಲದಲ್ಲಿ ಉಂಡವಳು ನಾನು. ಆ ವರ್ಷ ನನ್ನನ್ನು ಯಾರೂ ಕರೆಯಲಿಲ್ಲ. ಅದೇ ವಾರ ಫೋನಿನ ಗ್ರೂಪಿನಲ್ಲೂ ಒಂದು ಚರ್ಚೆ ನಡೆದಿತ್ತು. ಎಲ್ಲರೂ ಒಮ್ಮೆ ಮುಖಾಮುಖಿ ಕೂಡಬೇಕು, ಆದರೆ ಎಲ್ಲಿ? ಹೋಟೆಲಿನಲ್ಲಿ ನೋಡುತ್ತಾರೆ, ಪಾರ್ಕಿನಲ್ಲಿ ಪೊಲೀಸರು ಎಬ್ಬಿಸುತ್ತಾರೆ, ಯಾರ ಮನೆಯೂ ಆಗುವುದಿಲ್ಲ. ಮೌಶಿಗೆ ಹೇಳಿದೆ, ಸುಮ್ಮನೆ ಗೋಳು ಹೇಳಿಕೊಂಡ ಹಾಗೆ.

"ಜಾಗಾ ಇಲ್ಲಂದ್ರ? ಎಳ್ಳಮಾಸಿಗಿ ಹೊಲಕ್ಕ ಬರ್ರಿ ಎಲ್ಲಾರೂ. ಆ ದಿನ ಯಾರ ಹೊಲದಾಗ ಯಾರ ಕುಂತಾರ ಅಂತ ಯಾಂವ ಕೇಳ್ತಾನ?"

ಚಿಂಚೋಳಿ ತಾಲೂಕಿನಲ್ಲಿ, ಚಂದ್ರಂಪಳ್ಳಿಯ ಕೆರೆಗೆ ಹೋಗುವ ದಾರಿಯಲ್ಲಿ ಮೌಶಿಯ ತಮ್ಮ ಭೀಮಣ್ಣನ ಹೊಲವಿತ್ತು. ಮೌಶಿ ಹಿಂದಿನ ದಿನವೇ ಹೋಗಿ ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಹತ್ತೆಂಟು ಕಾಳು ಸೊಪ್ಪು ಸೇರಿಸಿದ ಭಜ್ಜಿ ಎಲ್ಲ ಮಾಡಿಸಿದ್ದಳು. "ನಾವು ಪೂಜಿ ಗೀಜಿ ಮಾಡೂದಿಲ್ಲ. ಹೊಲಕ್ಕ ಉಣಿಸೂದು, ನಾವು ಉಣ್ಣೂದು, ಇಷ್ಟ," ಎಂದು ಭೀಮಣ್ಣ ನನಗೆ ಮೊದಲೇ ಹೇಳಿಬಿಟ್ಟ. ಬರುವವರು ಯಾರೆಂದು ಅವನಿಗೆ ಮೌಶಿ ಏನು ಹೇಳಿದ್ದಳೋ ತಿಳಿಯದು. "ಅಕ್ಕನ ಮಂದಿ" ಎಂದಷ್ಟೇ ಅವನು ಅಕ್ಕಪಕ್ಕದ ಹೊಲದವರಿಗೆ ಹೇಳುತ್ತಿದ್ದ.

ಗ್ರೂಪಿನವರು ಒಬ್ಬೊಬ್ಬರಾಗಿ ಬಂದರು. ಬಸ್ಸಿಳಿದು ದಾರಿಯಲ್ಲೇ ನಿಂತು, ಹೊಲದೊಳಗೆ ಬರಲೋ ಬೇಡವೋ ಎಂದು ಅನುಮಾನಿಸುತ್ತಿದ್ದರು. ಮೌಶಿ ಬದುವಿನ ಮೇಲೆ ಹತ್ತಿ ನಿಂತು ಕೂಗಿದಳು, "ಏ ಬರ್ರೀ! ದಾರ್ಯಾಗ ಯಾಕ ನಿಂತೀರಿ? ಬರ್ರಿ, ಕುಂದ್ರಿ, ಭಜ್ಜಿ ಆರ್ಲಿಕತ್ತದ!" ನಾಲ್ಕು ಹೊಲ ದಾಟಿ ಕೇಳುವಂಥ ಕೂಗು. ಸುತ್ತಲ ಹೊಲಗಳಿಂದಲೂ ಅದೇ ಕೂಗು ಏಳುತ್ತಿತ್ತು, ಇವಳದೊಂದು ಎಲ್ಲಕ್ಕಿಂತ ಜೋರು. ಹುಟ್ಟಿದಾಗಿನಿಂದ ಮೆಲ್ಲಗೆ ಮಾತಾಡಿ, ಮೆಲ್ಲಗೆ ನಡೆದು, ಯಾರ ಕಣ್ಣಿಗೂ ಬೀಳದಂತೆ ಬದುಕಿದವರನ್ನು ಒಬ್ಬ ಹೆಂಗಸು ಹಾಡುಹಗಲಿನಲ್ಲಿ ಹೀಗೆ ಕೂಗಿ ಊಟಕ್ಕೆ ಕರೆಯುತ್ತಿದ್ದಳು. ರೇಷ್ಮಾ ನನ್ನ ಕೈ ಹಿಡಿದಳು. ಬಿಡಿಸಿಕೊಳ್ಳಬೇಕು ಅನ್ನಿಸಲಿಲ್ಲ.

ವಾಡಿಯಿಂದ ಬಂದ ಪ್ರಕಾಶ ರೈಲ್ವೆಯಲ್ಲಿ ಕೆಲಸಕ್ಕಿದ್ದ. ಗಂಡಸರನ್ನೇ ಇಷ್ಟಪಡುವವನು, ಮದುವೆಯಾಗು ಎನ್ನುವ ಮನೆಯವರಿಂದ ಬಹಳ ಕಷ್ಟ ಉಂಡವನು. ಗ್ರೂಪಿನಲ್ಲಿ ನನಗೆ 'ನಮ್ಮ ಗೋಳು ನಿನಗೇನ ಗೊತ್ತು' ಎಂದು ಬರೆದವನು ಅವನೇ ಎಂದು ಅಂದು ತಿಳಿಯಿತು. ಉಣ್ಣುತ್ತ ಕೂತಾಗ ನಗುತ್ತಲೇ ಅಂದ, "ಈಕೀನ ಭರೋಸಾ ಇಲ್ರೆಪಾ. ಅರ್ಧಾ ನಮ್ಮಾಕಿ, ಅರ್ಧಾ ಅವರಾಕಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದೆ ಏನು ಮಾಡಲಿ? ಮೌಶಿ ನಗಲಿಲ್ಲ. ಅವಳು ಅಷ್ಟು ದೂರದಲ್ಲಿ ಒಲೆಯ ಮುಂದಿದ್ದಳು, ಪ್ರಕಾಶನ ತುಟಿ ಅವಳಿಗೆ ಕಂಡಿತ್ತು. ಸೌಟು ಹಿಡಿದೇ ಬಂದಳು.

"ತಮ್ಮಾ, ನೀ ವಾಡ್ಯಾಗ ಇರ್ತಿ. ನಿಮ್ಮ ಟೇಶನ್ನಿಗಿ ಸೋಲಾಪುರದ ಗಾಡೀನೂ ಬರ್ತದ, ಸಿಕಂದ್ರಾಬಾದಿನ ಗಾಡೀನೂ ಬರ್ತದ. ವಾಡಿ ಅರ್ಧಾ ಟೇಶನ್ನೇನು?"

ಪ್ರಕಾಶ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಳಿಸಿದ. 

"ಈಕಿ ತನ್ನ ಅವ್ವನ ಮುಂದ ನಿಂತು ಹೇಳಿ ಬಂದಾಳ. ಮನಿ ಬಿಟ್ಟ ಬಂದಾಳ. ಗಂಡಸು ಬ್ಯಾಡಂತ ಅಲ್ಲ, ಸುಳ್ಳು ಬ್ಯಾಡಂತ. ಅರ್ಧಾ ಇದ್ದಾಕಿ ಹಿಂಗ ಮಾಡ್ತಾಳೇನು? ನೀ ಹೇಳೀಯೇನು ನಿಮ್ಮ ಅವ್ವಗ?"

 ಪ್ರಕಾಶ ತಟ್ಟೆ ನೋಡುತ್ತ, "ಇನ್ನಾ ಇಲ್ಲ ಮೌಶಿ" ಎಂದ. ಮೌಶಿಯ ಮುಖ ಮೆತ್ತಗಾಯಿತು. ಅವನ ತಟ್ಟೆಗೆ ಇನ್ನೊಂದು ಕಡುಬು ಹಾಕಿ, "ಆಗ್ಲಿ ಬಿಡು. ನಿನ್ನ ಟೈಮಿಗಿ ನೀ ಹೇಳು. ಆದ್ರ ಈಕೀಗಿ ಅರ್ಧಾ ಅನಬ್ಯಾಡ," ಎಂದಳು. ಊಟವಾದ ಮೇಲೆ ಪ್ರಕಾಶ ನನ್ನ ಹತ್ತಿರ ಬಂದು ಕೂತು ಬಹಳ ಹೊತ್ತು ಮಾತಾಡಿದ. ಈಗ ಅವನು ನನಗೆ ಒಡಹುಟ್ಟಿದವನಿಗಿಂತ ಹತ್ತಿರ. ಮುಂದಿನ ವರ್ಷ ಇನ್ನಷ್ಟು ಜನ ಬಂದರು, ಅದರ ಮುಂದಿನ ವರ್ಷ ಶಾಹಿದಾ ಚಾಚಿಯೂ ಕಾರ್ಖಾನೆಯ ಹೆಂಗಸರೂ ಬಂದರು. ಭೀಮಣ್ಣ ಎಳ್ಳಮಾಸಿಗೆಂದೇ ಹೆಚ್ಚು ಸಜ್ಜೆ ತೆಗೆದಿಡತೊಡಗಿದ.

ಒಂದು ದಿನ ಅಕ್ಕ ಫೋನು ಮಾಡಿ ಸಿಡುಕಿದಳು, "ನಿಮ್ಮ ಮೌಶಿ ಮತ್ತ ಬಂದು ಕುಂತಾಳ ನೋಡು ಅವ್ವನ ಮುಂದ." ಮತ್ತೆ ಅಂದರೆ? ಆಗ ತಿಳಿಯಿತು. ರಜೆ ಸಿಕ್ಕಾಗೆಲ್ಲ ಮೌಶಿ ನನಗೆ ಹೇಳದೆ ಸೇಡಂಗೆ ಹೋಗುತ್ತಿದ್ದಳು. ಮೊದಲ ಸಲ ಅವ್ವ ಬಾಗಿಲಲ್ಲೇ ನಿಲ್ಲಿಸಿದ್ದಳಂತೆ. ಮೌಶಿ ಕಟ್ಟೆಯ ಮೇಲೆ ಕೂತು ತನ್ನ ಮಾಮೂಲಿ ದನಿಯಲ್ಲಿ ಶುರು ಮಾಡಿದ್ದೇ ತಡ, ಓಣಿಗೆ ಕೇಳೀತೆಂಬ ಹೆದರಿಕೆಗೆ ಅವ್ವ ಕೈ ಹಿಡಿದು ಒಳಗೆ ಎಳೆದುಕೊಂಡಿದ್ದಳು. ಆಮೇಲೆ ಚಹಾ ಮಾಡಿದಳು. ಆಮೇಲಾಮೇಲೆ ಬಾಗಿಲು ತೆರೆದೇ ಇರುತ್ತಿತ್ತು.

"ಏನ ಹೇಳ್ತಿ ಮೌಶಿ ಅವ್ವಗ? ನನ್ನ ಪರವಾಗಿ ಯಾಕ ವಾದ ಮಾಡ್ತಿ?" ಎಂದು ಕೇಳಿದೆ. ನನಗೆ ಸಿಟ್ಟು ಬಂದಿತ್ತು.

"ವಾದ ಯಾರ ಮಾಡ್ತಾರ? ನಿನ್ನ ಮಾತ ನೀ ಹೇಳೀದಿ, ಆತು. ಹೋದ ವಾರ ನಿನಗ ಜ್ವರ ಬಂದಿತ್ತು, ಇಳೀತು ಅಂತ ಹೇಳ್ತೀನಿ. ಹೊಸಾ ಚಷ್ಮಾ ಮಾಡಿಸೀದಿ ಅಂತ ಹೇಳ್ತೀನಿ. ಹಡದಾಕಿಗಿ ಅಷ್ಟರೆ ತಿಳೀಬ್ಯಾಡೇನು?"

"ರೇಷ್ಮಾನ ಸುದ್ದಿ?"

"ಅದೂ ಹೇಳ್ತೀನಿ. ಜ್ವರದಾಗ ರೇಷ್ಮಾ ಬಂದು ನೋಡ್ಕೊಂಡಳು ಅಂತ ಹೇಳ್ತೀನಿ, ಖರೇ ಅಲ್ಲೇನು ಅದು? ನಿಮ್ಮವ್ವ ಏನೂ ಅನ್ನೂದಿಲ್ಲ. ಒಲಿ ಕಡಿ ಮಾರಿ ಮಾಡ್ತಾಳ. ಆದ್ರ ನನಗ ಹೋಗಂತನೂ ಅನ್ನೂದಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ.  ದಿನವಿಡೀ ಕಲ್ಲು ತಿಕ್ಕಿ ದಣಿದವಳು ಸಿಕ್ಕ ಒಂದು ರಜೆಯನ್ನು ರೈಲಿನಲ್ಲಿ ಕಳೆದು, ತನ್ನನ್ನು ನೀವ್ಯಾರು ಎಂದು ಕೇಳಿದ ಹೆಂಗಸಿಗೆ ನನ್ನ ಜ್ವರದ ಸುದ್ದಿ ಮುಟ್ಟಿಸಿ ಬರುತ್ತಿದ್ದಳು. ಅದರಿಂದ ಏನಾದೀತೆಂಬ ಆಸೆ ನನಗಿರಲಿಲ್ಲ. ಅವ್ವನಿಂದ ಒಂದು ಫೋನೂ ಬರಲಿಲ್ಲ. ಹಬ್ಬಗಳು ಬಂದವು, ಹೋದವು.

ಕಲ್ಲಿನ ಪುಡಿ ಮೌಶಿಯ ಎದೆಯಲ್ಲಿ ಕೂತು ಬಹಳ ವರ್ಷವಾಗಿತ್ತು. ಎಕ್ಸರೆ ತೆಗೆಸಿದ ಹೊತ್ತಿಗೆ ಮಾಡುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ರೇಷ್ಮಾ ರಜೆ ಹಾಕಿ ಬಂದು ನಿಂತಳು. ಮೈ ಒರೆಸಿದಳು, ಗಂಜಿ ಕುಡಿಸಿದಳು. ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ಬಂದಾಗ ಮೌಶಿ ನನ್ನನ್ನು ಹತ್ತಿರ ಕರೆದಳು. ಏನೋ ದೊಡ್ಡ ಮಾತು ಹೇಳುತ್ತಾಳೆಂದು ಬಗ್ಗಿದೆ. "ಮಾಳಗಿ ಮ್ಯಾಲ ಮೆಣಸಿನಕಾಯಿ ಒಣಗ ಹಾಕೀನಿ, ಮೋಡ ಆಗೇದ, ತಗದಿಡು," ಎಂದಳು. ತೆಗೆದಿಟ್ಟೆ. ಮೌಶಿ ಆಸ್ಪತ್ರೆಯಿಂದ ಮರಳಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರು ತಮ್ಮ ತಮ್ಮ ಮನೆಯಿಂದ ರೊಟ್ಟಿ ಬುತ್ತಿ ತಂದು ಮನೆಯವರಿಗೆ ಉಣಿಸಬೇಕು. ಮಣ್ಣು ಮಾಡಿದ ಮಾರನೆಯ ದಿನ ಮನೆ ತುಂಬಿತ್ತು. ಚಿಂಚೋಳಿಯ ನೆಂಟರು ಒಂದು ಕಡೆ, ಕಾರ್ಖಾನೆಯ ಹೆಂಗಸರು ಇನ್ನೊಂದು ಕಡೆ, ಅಂಗಳದಲ್ಲಿ ಪ್ರಕಾಶ ಮತ್ತು ನಮ್ಮ ಹೊಲದ ಗೆಳೆಯರೆಲ್ಲ. ಮುದುಕಿಯೊಬ್ಬಳು ಇವರೆಲ್ಲ ಯಾರು ಎಂದು ಕೇಳಿದಳು. "ಅಕ್ಕನ ಮಂದಿ," ಎಂದ ಭೀಮಣ್ಣ. ಮುದುಕಿ ತಲೆಯಾಡಿಸಿದಳು.

ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಅವ್ವ ನಿಂತಿದ್ದಳು. ತಲೆಯ ಮೇಲೆ ಬಟ್ಟೆಯ ಗಂಟು, ಬಿಸಿಲಿಗೆ ಕೆಂಪಾದ ಮುಖ. ನಾನು ಅಕ್ಕನಿಗೆ ತಿಳಿಸಿದ್ದ ಸಾವಿನ ಸುದ್ದಿ ಕೇಳಿ ಸೇಡಂನಿಂದ ಒಬ್ಬಳೇ ಬಂದಿದ್ದಳು. ನನ್ನನ್ನು ನೋಡಿದಳು, ಚಪ್ಪಲಿ ಬಿಟ್ಟು ಒಳಗೆ ಬಂದಳು. ಅವ್ವನನ್ನು ಫೋಟೊದಲ್ಲಿ ಮಾತ್ರ ನೋಡಿದ್ದ ರೇಷ್ಮಾ ಅವಳನ್ನು ಗುರುತಿಸಿ ಸದ್ದಿಲ್ಲದೆ ಎದ್ದು ಹಿತ್ತಲಿಗೆ ಹೋದಳು. ನಾನು ತಡೆಯಲಿಲ್ಲ, ಸಾವಿನ ಮನೆಯಲ್ಲಿ ಒಂದು ಜಗಳವಾಗುವುದು ಇಬ್ಬರಿಗೂ ಬೇಡವಾಗಿತ್ತು.

ಅವ್ವ ಮೌಶಿಯ ಫೋಟೊದ ಮುಂದೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಶೇಂಗಾ ಹಿಂಡಿ. ಭೀಮಣ್ಣನಿಗೆ, ಶಾಹಿದಾ ಚಾಚಿಗೆ, ಪ್ರಕಾಶನಿಗೆ, ಯಾರು ಎತ್ತ ಎಂದು ಕೇಳದೆ ಎಲ್ಲರ ಕೈಗೂ ಕೊಟ್ಟಳು. ನನ್ನ ಮುಂದೆ ಬಂದು ನಿಂತಳು. ನನ್ನ ಕೈಗೆ ರೊಟ್ಟಿ ಇಟ್ಟು, ಇನ್ನೊಂದು ರೊಟ್ಟಿಯ ಮೇಲೆ ಝುಣಕ ಹಾಕಿ ಹಿಡಿದುಕೊಂಡು ಮನೆಯೊಳಗೆಲ್ಲ ಕಣ್ಣಾಡಿಸಿದಳು.

"ರೇಷ್ಮಾ ಎಲ್ಲಿ?" ಎಂದು ಕೇಳಿದಳು. "ಆಕಿ ಉಂಡಾಳೇನು?"